ಬಿರುಕಿನ ತಲೆ

ನನ್ನ ಅಕ್ಷರ ಚೆನ್ನಾಗಿಲ್ಲ. ಒಂಬತ್ತನೇ ತರಗತಿಯ ನಡುವೆಯೇ ಶಾಲೆ ಬಿಟ್ಟವಳು ನಾನು. ಒತ್ತಕ್ಷರಗಳು ಈಗಲೂ ಒಂದರ ಮೇಲೊಂದು ಬೀಳುತ್ತವೆ, ಬೇಕಾದ ಮಾತು ಬೇಕಾದಾಗ ಸಿಗುವುದಿಲ್ಲ. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಇದು ನಮ್ಮ ದೊಡ್ಡಪ್ಪನ ವಿಷಯ. ನಡೆದದ್ದನ್ನು ದೊಡ್ಡಮ್ಮ ಹೇಳಿದರು. ನಾನು ಎರಡು ಸಲ ಕೇಳಿಸಿಕೊಂಡು ಈ ನೋಟ್‌ಪುಸ್ತಕದಲ್ಲಿ ಬರೆದಿದ್ದೇನೆ.

ದೊಡ್ಡಪ್ಪ ಕಾರಿನ ಸೀಟು ಹೊಲಿಯುವವರು. ಒಂದೇ ಗ್ಯಾರೇಜಿನಲ್ಲಿ ಮೂವತ್ತೊಂದು ವರ್ಷ. ಸೀಟು, ಬಾಗಿಲಿನ ಒಳಮೈ, ಛಾವಣಿಯ ಬಟ್ಟೆ, ಹೀಗೆ ಕಾರಿನೊಳಗೆ ಕೂತವರ ಮೈಗೆ ತಾಗುವುದೆಲ್ಲ ಅವರ ಕೈಯಿಂದಲೇ ಆಗಬೇಕಿತ್ತು. ಅಲ್ಲಿ ಅವರ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ, ಎಲ್ಲರಿಗೂ ಅವರು ಸೂಜಿಯಣ್ಣ. ಓಡುವ ಕಾರಿನಲ್ಲಿ ಕೂತು, ಹಳ್ಳ ದಿಣ್ಣೆಯ ರಸ್ತೆಯಲ್ಲಿ ಸೂಜಿಗೆ ದಾರ ಪೋಣಿಸಿ ಪಂದ್ಯ ಗೆದ್ದವರಂತೆ. ಕೆಲಸದಲ್ಲಿ ಎತ್ತಿದ ಕೈ, ಮಾತಿನಲ್ಲಿ ಮಾತ್ರ ಜಿಪುಣ. ಸಂಜೆ ಮನೆಗೆ ಬಂದು ಕೈಕಾಲು ತೊಳೆದರೆಂದರೆ ಗ್ಯಾರೇಜು ಹೊಸಲಿನಾಚೆಗೇ ನಿಂತುಬಿಡುತ್ತಿತ್ತು. ಇವತ್ತೇನು ಕೆಲಸ ಎಂದು ದೊಡ್ಡಮ್ಮ ಕೇಳಿದರೆ, "ಕೆಲಸ" ಎನ್ನುತ್ತಿದ್ದರು. ಅಷ್ಟಕ್ಕೆ ಆ ಮಾತು ಮುಗಿಯುತ್ತಿತ್ತು.

ಎರಡು ವರ್ಷದ ಹಿಂದೆ ಅವರು ದಾರದ ತುದಿಯನ್ನು ನಾಲಿಗೆಯಿಂದ ಹುಡುಕತೊಡಗಿದರು. ನೀರಿನ ಲೋಟವನ್ನು ನೇರವಾಗಿ ಹಿಡಿಯದೆ ಮೇಜಿನ ಮೇಲೆ ಬೆರಳು ಓಡಿಸಿ ಹಿಡಿಯತೊಡಗಿದರು. ಒಂದು ದಿನ ಒಗೆಯಲು ತೆಗೆದ ಕೆಲಸದ ಅಂಗಿಯ ಜೇಬಿನಲ್ಲಿ ದೊಡ್ಡಮ್ಮನಿಗೆ ಕಣ್ಣಿನ ಆಸ್ಪತ್ರೆಯ ಚೀಟಿ ಸಿಕ್ಕಿತು. ಅದರಲ್ಲಿ ಎರಡು ಕಣ್ಣಿನ ಚಿತ್ರ ಬರೆದು, ಎರಡರ ನಟ್ಟನಡುವೆ ಡಾಕ್ಟರು ಪೆನ್ನಿನಿಂದ ಕಪ್ಪು ಮಾಡಿದ್ದರು. ದೊಡ್ಡಮ್ಮ ಅಂಗಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಚೀಟಿಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ಅದೇ ಜೇಬಿನಲ್ಲಿಟ್ಟರು. ಅವರು ಉಸಿರೆತ್ತಲಿಲ್ಲ, ಇವರು ಕೇಳಲಿಲ್ಲ.

ಗ್ಯಾರೇಜಿನಲ್ಲಿ ಮಾತ್ರ ಅದು ಮುಚ್ಚಿಡುವಂಥದ್ದಾಗಿರಲಿಲ್ಲ. ಕಂದು ಸೀಟಿಗೆ ಕಪ್ಪು ದಾರ ಹಾಕಿದರು. ಇನ್ನೊಂದು ಸೀಟಿನ ಹೊಲಿಗೆ ಹಾವು ಹರಿದ ಹಾಗೆ ಬಂತು. ಈಗ ಅಲ್ಲಿ ಮೇಸ್ತ್ರಿಯಾಗಿರುವವನು ಹಿಂದೆ ದೊಡ್ಡಪ್ಪನ ಹತ್ತಿರವೇ ಕೆಲಸ ಕಲಿತವನು. ಬೈಯಲಿಕ್ಕೆ ಅವನಿಗೆ ಬಾಯಿ ಬರಲಿಲ್ಲ. ವಯಸ್ಸಾಯಿತು, ಸ್ವಲ್ಪ ದಿನ ಸುಧಾರಿಸಿಕೊಳ್ಳಣ್ಣ ಎಂದು ಮನೆಗೆ ಕಳಿಸಿದ. ಆರು ವಾರ ದೊಡ್ಡಪ್ಪ ದಿನಾ ಬೆಳಿಗ್ಗೆ ಉಳಿ, ಕತ್ತರಿ, ಬಾಗಿದ ಸೂಜಿಗಳನ್ನು ಚಾಪೆಯ ಮೇಲೆ ಹರಡಿ ಒರೆಸಿದರು, ಸಂಜೆ ಮತ್ತೆ ಡಬ್ಬಕ್ಕೆ ತುಂಬಿದರು. ತುಕ್ಕು ಹಿಡಿಯಲು ಪುರುಸೊತ್ತೇ ಕೊಡಲಿಲ್ಲ.

ಏಳನೇ ವಾರ ಮೇಸ್ತ್ರಿ ಕಂಬಳಿಯಲ್ಲಿ ಸುತ್ತಿದ ಡ್ಯಾಶ್‌ಬೋರ್ಡೊಂದನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದ. ಅದು ನಲವತ್ತೆಂಟು ವರ್ಷದ ಹಳೆಯ ಕಾರಿನದು. ಕಾರಿನ ಯಜಮಾನರು ನಿವೃತ್ತರು, ಅದು ಅವರ ತಂದೆ ಓಡಿಸುತ್ತಿದ್ದ ಕಾರು. ಅದನ್ನು ಮಾಡುತ್ತಿದ್ದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಬಿಸಿಲಿಗೆ ಕಪ್ಪು ರೆಕ್ಸಿನ್ ಒಡೆದು, ಗಾಜಿನ ಬದಿಯ ಸ್ಕ್ರೂ ತೂತಿನಿಂದ ಹೊರಟ ಬಿರುಕು ಸ್ಟೇರಿಂಗಿನ ಕಡೆಗೆ ಒಂದು ಗೇಣು ಬಂದಿತ್ತು.

"ಇದಕ್ಕೆ ಬದಲಿ ಎಲ್ಲೂ ಸಿಗಲ್ಲ ಅಣ್ಣ. ಹುಡುಗರ ಕೈಗೆ ಕೊಡೋ ಧೈರ್ಯ ನಂಗಿಲ್ಲ," ಎಂದ ಮೇಸ್ತ್ರಿ. "ಇದೊಂದು ಸರಿ ಮಾಡಿಕೊಡು. ಸೋಮವಾರದಿಂದ ಬಂದು ನಿನ್ನ ಜಾಗದಲ್ಲಿ ಕೂತ್ಕೋ."

ದೊಡ್ಡಪ್ಪ ತಲೆಯಾಡಿಸಿದರು. ಅವನು ಹೋದ ಮೇಲೆ ಅಡಿಗೆಮನೆಯ ಮೇಜನ್ನು ದೊಡ್ಡಮ್ಮನ ಕೈಯಲ್ಲಿ ಎರಡು ಸಲ ಒರೆಸಿಸಿದರು.

ಮೂರು ದಿನ ದೊಡ್ಡಮ್ಮ ನೆಲದ ಮೇಲೆ ಕೂತೇ ಅಡಿಗೆ ಮಾಡಿದರು. ಮೇಜಿನ ಮೇಲಿನ ಕೆಲಸವನ್ನು ಅವರು ನೋಡಿದ್ದು ಅದೇ ಮೊದಲು. ದೊಡ್ಡಪ್ಪ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ನಲವತ್ತೆಂಟು ವರ್ಷದ ಕೊಳೆ ತೆಗೆದರು. ಬಿರುಕಿನ ಸೆಟೆದ ಅಂಚುಗಳನ್ನು ಬ್ಲೇಡಿನಿಂದ ಇಳಿಜಾರಾಗಿ ಕತ್ತರಿಸಿದರು. ಅದೆಲ್ಲ ಬೆರಳಿನ ಕೆಲಸ, ಅವರ ಬೆರಳಿಗೆ ಕಣ್ಣು ಬೇಕಿರಲಿಲ್ಲ. ಆದರೆ ಬಿರುಕು ಮುಂದೆ ಮುಂದೆ ಹೋದಂತೆ ಕೂದಲೆಳೆಯಷ್ಟಾಗಿ, ಕೊನೆಗೆ ಬೆರಳಿಗೂ ಸಿಗದಷ್ಟು ಸಣ್ಣದಾಗುತ್ತಿತ್ತು. ಅಲ್ಲಿ ದೊಡ್ಡಪ್ಪ ನಿಂತುಬಿಟ್ಟರು. ಬೋರ್ಡನ್ನು ಕಿಟಕಿಯ ಕಡೆ ತಿರುಗಿಸಿದರು, ಮತ್ತೆ ಈ ಕಡೆ ತಿರುಗಿಸಿದರು. ಕೋಳಿ ಕಾಳು ನೋಡುವ ಹಾಗೆ ಕತ್ತು ಓರೆ ಮಾಡಿ, ಕಣ್ಣಿನ ಅಂಚಿನಿಂದ ನೋಡಿದರು. ಉಪ್ಪಿನ ಡಬ್ಬ ಹುಡುಕುವ ನೆಪದಲ್ಲಿ ದೊಡ್ಡಮ್ಮ ಎಲ್ಲವನ್ನೂ ನೋಡಿದರು.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಹಿತ್ತಲಿನ ಕಲ್ಲಿನ ಮೇಲೆ ಬಿರುಕು ತುಂಬುವ ರಬ್ಬರ್ ಪುಟ್ಟಿ ಕಲಸುತ್ತಾ ಕೂತರು. ಅಲ್ಲಿಂದಲೇ ಕೂಗಿದರು.

"ಏ, ನನ್ನ ಕೈಯೆಲ್ಲ ಪುಟ್ಟಿ. ಆ ಸಣ್ಣ ಕೈ ಡ್ರಿಲ್ ತಗೊಂಡು ಬಿರುಕಿನ ತಲೆಗೆ ಒಂದು ತೂತು ಹಾಕಿಡು. ಸೂಜಿ ತೂರೋವಷ್ಟು ಸಾಕು."

ಪುಟ್ಟಿಯನ್ನು ತೂತು ಹಾಕಿದ ಮೇಲೂ ಕಲಸಬಹುದಿತ್ತು. ಅದು ದೊಡ್ಡಮ್ಮನಿಗೂ ಗೊತ್ತಿತ್ತು. ಆದರೆ ಇದೊಂದು ಸಲ ತಮ್ಮ ಕಣ್ಣು ಅವರ ಕೆಲಸಕ್ಕೆ ಬರುತ್ತದೆ ಎನ್ನುವ ಸಂತೋಷಕ್ಕೆ ಮೈ ಜುಮ್ಮೆಂದಿತು ಎಂದು ನನಗೆ ಹೇಳುವಾಗ ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಅವರು ಬಗ್ಗಿ ನೋಡಿದರು. ಬಿರುಕು ಥೇಟ್ ಹಾವಿನ ಹಾಗೆಯೇ ಇತ್ತು. ಸ್ಕ್ರೂ ತೂತಿನ ಹತ್ತಿರ ದಪ್ಪ ತಲೆ, ಈ ಕಡೆ ಸಣ್ಣಗೆ ಜಾರಿಹೋದ ಬಾಲ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಉಸಿರು ಬಿಗಿಹಿಡಿದು, ದಪ್ಪಗಿದ್ದ ತುದಿಯಲ್ಲಿ ಒಂದು ಅಚ್ಚುಕಟ್ಟಾದ ತೂತು ಹಾಕಿದರು.

"ಹಾಕಿದ್ಯಾ?"

"ಹಾಕಿದೆ ರೀ."

"ಸರಿಯಾಗಿ ತಲೆಗೇ ತಾನೆ?"

"ತಲೆ ಯಾವ್ದು ಅಂತ ಗೊತ್ತಾಗಲ್ವ ನಂಗೆ?"

ದೊಡ್ಡಪ್ಪ ನಕ್ಕರಂತೆ. ಒಳಗೆ ಬಂದು ಪುಟ್ಟಿ ತುಂಬಿದರು, ನಯ ಮಾಡಿದರು. ಹಳೆಯ ರೆಕ್ಸಿನಿನ ಚೂರೊಂದನ್ನು ಹಸಿ ಪುಟ್ಟಿಯ ಮೇಲೆ ಒತ್ತಿ ತೆಗೆದರು, ತೊಗಲಿನ ಹಾಗೆ ಸುಕ್ಕು ಮೂಡಿತು. ಒಣಗಿದ ಮೇಲೆ ಕಪ್ಪು ಬಣ್ಣ ಹೊಡೆದರು. ಎಲ್ಲಿ ಒಡೆದಿತ್ತೆಂದು ದೊಡ್ಡಮ್ಮನಿಗೇ ಗುರುತು ಹತ್ತಲಿಲ್ಲ. ಶನಿವಾರ ಮೇಸ್ತ್ರಿ ಬಂದು ನೋಡಿ, ಇದು ಸೂಜಿಯಣ್ಣನ ಕೈ, ಇದಕ್ಕೆ ಮೊಹರು ಬೇಡ ಎಂದ. ಅವತ್ತು ದೊಡ್ಡಪ್ಪ ತಾವಾಗಿಯೇ ಕೆಲಸದ ಅಂಗಿ ಹುಡುಕಿ, ಸೋಮವಾರಕ್ಕೆಂದು ಮೊಳೆಗೆ ತೂಗುಹಾಕಿದರು.

ಭಾನುವಾರ ಕಾರಿಗೆ ಬೋರ್ಡು ಕೂರಿಸಿ ಗ್ಯಾರೇಜಿನ ಅಂಗಳದಲ್ಲಿ ಬಿಸಿಲಿಗೆ ನಿಲ್ಲಿಸಿದ್ದರು. ಸಂಜೆ ಆ ಕಾರೇ ಮನೆ ಮುಂದೆ ಬಂದು ನಿಂತಿತು. ಮೇಸ್ತ್ರಿ ಒಬ್ಬನೇ ಇಳಿದ. ಯಜಮಾನರು ಹಿಂದಿನ ಸೀಟಿನಲ್ಲಿ ಕೂತೇ ಇದ್ದರು, ಮನೆಯ ಕಡೆ ನೋಡಲಿಲ್ಲ.

ಮೇಸ್ತ್ರಿ ದೊಡ್ಡಪ್ಪನ ಕೈ ಹಿಡಿದು ಕಾರಿನೊಳಗೆ ಕೂರಿಸಿ, ಅವರ ಬೆರಳನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟ. ದೊಡ್ಡಮ್ಮ ಬಾಗಿಲ ಬಳಿ ನಿಂತು ನೋಡಿದರು. ತುಂಬಿದ ಜಾಗ ಗಟ್ಟಿಯಾಗಿತ್ತು. ಬಿರುಕು ಅದರ ಮುಂದಿನಿಂದ ಹೊರಟು, ಇನ್ನೂ ಎರಡು ಗೇಣು ಓಡಿ, ಸ್ಪೀಡು ತೋರಿಸುವ ಮೀಟರಿನ ಗೂಡನ್ನೇ ಸೀಳಿತ್ತು. ಇನ್ನು ಅದನ್ನು ತುಂಬಿ ಸರಿಮಾಡುವ ಹಾಗಿರಲಿಲ್ಲ.

ಗಾಜಿನ ಬದಿಯಲ್ಲಿ ಮೇಸ್ತ್ರಿ ಆಗಲೇ ಬ್ಲೇಡಿನಿಂದ ಪುಟ್ಟಿ ಕೆರೆದು ನೋಡಿದ್ದ. "ಅಣ್ಣ, ಬಾಲಕ್ಕೆ ತೂತು ಹಾಕಿದ್ದೀಯಲ್ಲ," ಎಂದ. "ಬಿರುಕು ಹೋಗೋ ಕಡೆನೇ ತಲೆ, ತಲೆಗೆ ತೂತು ಬಿದ್ರೆ ಅಲ್ಲೇ ಸಾಯುತ್ತೆ ಅಂತ ನಂಗೆ ಹೇಳ್ಕೊಟ್ಟೋನೇ ನೀನು. ಒಂದು ಸಲ ತಪ್ಪಿದ್ದಕ್ಕೆ ನನ್ನ ತಲೆಗೇ ಕುಟ್ಟಿದ್ದೆ."

ದೊಡ್ಡಪ್ಪನ ಬೆರಳು ಬಿರುಕಿನ ಉದ್ದಕ್ಕೂ ಹೋಗಿ, ಹಿಂದೆ ಬಂದು, ಆ ಅಚ್ಚುಕಟ್ಟಾದ ತೂತಿನ ಮೇಲೆ ನಿಂತಿತು.

"ತಪ್ಪು ನಂದೇ," ಎಂದರು. "ಯಾವ್ದು ತಲೆ ಅಂತ ನಾನು ಹೇಳಲಿಲ್ಲ."

"ಯಾರಿಗೆ ಹೇಳಲಿಲ್ಲ?" ಎಂದ ಮೇಸ್ತ್ರಿ.

ಮೇಸ್ತ್ರಿ ತಿರುಗಿ ದೊಡ್ಡಮ್ಮನ ಮುಖ ನೋಡಿದ. ಆಮೇಲೆ ಕೈಯಲ್ಲಿದ್ದ ಬ್ಲೇಡನ್ನು ಮಡಚಿ, ಸದ್ದಿಲ್ಲದೆ ದೊಡ್ಡಪ್ಪನ ಮುಂದೆ ಹಿಡಿದ. "ತಗೋ ಅಣ್ಣ, ಈ ಬ್ಲೇಡು," ಎಂದ. ದೊಡ್ಡಪ್ಪ ಕೈ ಚಾಚಿದರು. ಕೈ ಮಾತು ಬಂದ ಕಡೆಗೆ ಹೋಯಿತು, ಬ್ಲೇಡಿದ್ದ ಕಡೆಗಲ್ಲ. ಬರಿಯ ಗಾಳಿಯನ್ನು ಎರಡು ಸಲ ಹಿಡಿದು ಕೆಳಗಿಳಿಯಿತು.

ಮೇಸ್ತ್ರಿ ಬ್ಲೇಡನ್ನು ತನ್ನ ಜೇಬಿಗೇ ಹಾಕಿಕೊಂಡ. ಯಜಮಾನರು ಇನ್ನೂ ಕಿಟಕಿಯಾಚೆ ನೋಡುತ್ತಿದ್ದರು.

"ನಾಳೆ ಬರ್ಬೇಡಣ್ಣ," ಎಂದ ಮೇಸ್ತ್ರಿ. ಅವನ ದನಿ ಸಣ್ಣಗಾಗಿತ್ತು. "ಇನ್ನು ಬರ್ಬೇಡ."

ಕಾರು ಹೋದ ಮೇಲೆ ಇಬ್ಬರೂ ಅಡಿಗೆಮನೆಯಲ್ಲಿ ಖಾಲಿ ಮೇಜಿನ ಆಚೆ ಈಚೆ ಕೂತರು. ದೊಡ್ಡಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದರು ದೊಡ್ಡಮ್ಮ.

"ಹಾವು ಯಾವ ಕಡೆಗೆ ಹೋಗುತ್ತೆ?" ಎಂದು ಕೇಳಿದರು ದೊಡ್ಡಪ್ಪ.

"ತಲೆ ಕಡೆಗೆ."

"ಅಷ್ಟೇ. ಬಿರುಕೂ ಹಂಗೇ."

"ಇವತ್ತೇನು ಕೆಲಸ ಅಂತ ಎಷ್ಟು ಸಲ ಕೇಳಿದ್ದೆ ರೀ. ಒಂದು ದಿನ ಇದನ್ನ ಹೇಳಿದ್ರಾ?"

ದೊಡ್ಡಮ್ಮ ಎದ್ದು, ಮೊಳೆಯಲ್ಲಿದ್ದ ಅಂಗಿ ತೆಗೆದು ಮಡಚಿದರು. ಜೇಬಿನಲ್ಲಿ ಚೀಟಿ ಸರಕ್ಕೆಂದಿತು.

"ಅದು ಅಲ್ಲೇ ಇರ್ಲಿ," ಎಂದರು ದೊಡ್ಡಪ್ಪ. "ಪ್ರತಿ ಸಲ ಒಗೆದ ಮೇಲೂ ನೀನು ಅಲ್ಲೇ ಇಡ್ತಿದ್ದೆ."

ಇದಾಗಿ ಮೂರು ತಿಂಗಳಾಯಿತು. ದೊಡ್ಡಪ್ಪನಿಗೆ ಈಗ ಬಾಗಿಲಿನ ಬೆಳಕಷ್ಟೇ ಗೊತ್ತಾಗುತ್ತದೆ. ಉಪಕರಣದ ಡಬ್ಬವನ್ನು ಮೇಸ್ತ್ರಿ ಕೇಳಿ ಕಳಿಸಿದ್ದ. ಕೊಟ್ಟುಬಿಟ್ಟರು. ಬಾಗಿದ ಸೂಜಿ ಒಂದನ್ನು ಮಾತ್ರ ಇಟ್ಟುಕೊಂಡಿದ್ದಾರೆ. ಅದನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಜಗಲಿಯ ಮೇಲೆ ಕೂತಿರುತ್ತಾರೆ. ನಾನು ಎದುರಿಗೆ ಹೋದರೆ ಯಾರು ಎನ್ನುತ್ತಾರೆ. ಗಟ್ಟಿಯಾಗಿ ಹೇಳಲು ನನಗೆ ನಾಚಿಕೆಯಾಗಿ ಎಷ್ಟೋ ಸಲ ಸುಮ್ಮನೆ ವಾಪಸು ಬಂದಿದ್ದೇನೆ.

ನಾಳೆ ಬೆಳಿಗ್ಗೆ ಹೋಗಿ ನಾನೇ ಎಂದು ಹೇಳುತ್ತೇನೆ. ಅವರ ಕೆಲಸದಲ್ಲಿ ಯಾವ ಮಾತಿಗೆ ಏನು ಅರ್ಥ ಎಂದು ಒಂದೊಂದಾಗಿ ಕೇಳಿ, ಈ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದುಕೊಳ್ಳುತ್ತೇನೆ.