ಅಮ್ಮನ ಸರ್ವೀಸ್ ಡಾಗು

ಸ್ಯಾನ್ ಫ್ರಾನ್ಸಿಸ್ಕೋದಿಂದ ಅಲಾಸ್ಕಾಕ್ಕೆ ಹೊರಟ ಕ್ರೂಸ್ ಹಡಗಿನಲ್ಲಿ, ಮೊದಲ ದಿನದ ಊಟಕ್ಕೇ ನಮ್ಮ ಟೇಬಲ್ಲಿಗೆ ಲಾಸ್ ಆಲ್ಟೋಸಿನ ಆಂಟಿಯೊಬ್ಬರು ಬಂದರು. ಮೂಲತಃ ಮೈಸೂರಿನವರು. ಅವರ ಡಾಕ್ಟರ್ ಮಗನಿಗೆ ಇನ್ನೂ ಮದುವೆಯಾಗಿಲ್ಲ ಅನ್ನುವುದು ಸೂಪು ಬರುವ ಮುಂಚೆಯೇ ಅಮ್ಮನಿಗೆ ಗೊತ್ತಾಗಿತ್ತು.

ಆಂಟಿ ನನ್ನ ಕುರ್ಚಿಯ ಕೆಳಗೆ ಬಗ್ಗಿ ನೋಡಿದರು. "ಅಯ್ಯೋ, ನಾಯಿ! ಹಡಗಲ್ಲಿ ನಾಯಿ ಬಿಡ್ತಾರೇನ್ರೀ?"

ನನಗೆ ಫಿಟ್ಸ್ ಬರುತ್ತದೆ. ಬರುವ ಸ್ವಲ್ಪ ಮುಂಚೆ ಗುಂಡನಿಗೆ ಗೊತ್ತಾಗಿ, ನನ್ನ ತೊಡೆಯ ಮೇಲೆ ಮುಂಗಾಲಿಟ್ಟು ಎಚ್ಚರಿಸುತ್ತಾನೆ. ಅದಕ್ಕೇ ಅವನನ್ನು ಹಡಗಿಗೆ ಬಿಟ್ಟಿದ್ದರು. ಇಷ್ಟನ್ನು ಹೇಳಲು ನಾನು ಮಾತು ಹುಡುಕುವಷ್ಟರಲ್ಲಿ ಅಮ್ಮ ನಕ್ಕಳು.

"ಸರ್ವೀಸ್ ಡಾಗು ರೀ. ನನಗೇ. ಶುಗರ್ ಇದೆಯಲ್ಲ, ಕಮ್ಮಿಯಾದ್ರೆ ಹೇಳತ್ತೆ."

ಅಮ್ಮನಿಗೆ ಶುಗರ್ ಇಲ್ಲ. ಸಕ್ಕರೆ ಸುರಿದ ಕಾಫಿ ಅವಳ ಮುಂದೆಯೇ ಇತ್ತು.

"ಪಾಪ. ಮಗಳು ಆರೋಗ್ಯವಾಗಿದಾಳಲ್ಲ, ಪುಣ್ಯ" ಎಂದರು ಆಂಟಿ.

ಐಸ್‌ಕ್ರೀಮು ಬಂದಾಗ ಗುಂಡ ಎದ್ದು ನನ್ನ ತೊಡೆಯ ಮೇಲೆ ಕಾಲಿಟ್ಟ. ಅಮ್ಮ ತನ್ನ ತೊಡೆ ತಟ್ಟಿದಳು. "ಗುಂಡಾ, ಇಲ್ಲಿ ಬಾ. ನಾನಿಲ್ಲಿದೀನಿ" ಎಂದು ಕರೆದಳು. ಅವನು ಕದಲಲಿಲ್ಲ. ನಾನು ಕುರ್ಚಿಯಿಂದಿಳಿದು ಕಾರ್ಪೆಟ್ಟಿನ ಮೇಲೆ ಮಲಗಿದೆ.

ಎಚ್ಚರವಾದಾಗ ಆಂಟಿಯ ಕುರ್ಚಿ ಖಾಲಿಯಾಗಿತ್ತು, ಅವರ ಐಸ್‌ಕ್ರೀಮು ಕರಗಿ ನೀರಾಗಿತ್ತು. ಅಮ್ಮ ನನ್ನ ಕೂದಲು ಸರಿಮಾಡುತ್ತಾ ಅಳುತ್ತಿದ್ದಳು.

"ನನಗೇ ಬರಬಾರದಿತ್ತಾ ಇದು" ಎಂದಳು.

ಗುಂಡ ಮಾತ್ರ, ಕೆಲಸ ಮುಗಿಸಿದವನಂತೆ, ಬಿಸ್ಕತ್ತಿಗಾಗಿ ಅವಳ ಮುಖವನ್ನೇ ನೋಡುತ್ತಿದ್ದ. ತನ್ನ ನಾಯಿ ಅಂತ ಅವಳೇ ಹೇಳಿದ್ದಳಲ್ಲ.