ಗಾರ್ಡ್ ಡಬ್ಬಿಯ ಒಲೆ

ರೈಲಿನ ಹುಚ್ಚು ಹಿಡಿದವರಿಗೆಲ್ಲ ಎಂಜಿನ್ನಿನ ಹುಚ್ಚೇ ಹಿಡಿಯುತ್ತದೆ. ಹೊಗೆ, ಶಿಳ್ಳೆ, ಕಬ್ಬಿಣದ ಗತ್ತು, ಇಷ್ಟಿದ್ದರೆ ಅವರಿಗೆ ಊಟವೂ ಬೇಡ, ನಿದ್ದೆಯೂ ಬೇಡ. ಗೂಡ್ಸ್ ಗಾಡಿಯ ಬಾಲಕ್ಕೆ ಅಂಟಿಕೊಂಡು, ಕೆಂಪು ದೀಪ ಹೊತ್ತು ಬರುವ ಪುಟ್ಟ ಗಾರ್ಡ್ ಡಬ್ಬಿಯನ್ನು ಕಣ್ಣೆತ್ತಿ ನೋಡುವವರೇ ಇಲ್ಲ. ನಮ್ಮ ಕಥೆಯ ಅಳಿಯ ನೋಡಿದ. ನೋಡಿದ್ದಷ್ಟೇ ಅಲ್ಲ, ಅದನ್ನು ಬಿಟ್ಟು ಬೇರೇನನ್ನೂ ಮಾಡುವುದಿಲ್ಲ ಎಂದು ಹಟ ಹಿಡಿದು, ಅಂಗೈಯಲ್ಲಿ ಕೂರುವಂಥ ಗಾರ್ಡ್ ಡಬ್ಬಿಗಳನ್ನು ಮಾಡುತ್ತಾ ಕೂತ. ಮಾದರಿ ರೈಲು ಸಂಘದಲ್ಲಿ ಅವನಿಗೆ 'ಕೊನೇಡಬ್ಬಿ' ಎಂದೇ ಹೆಸರು.

ಅವನ ಕಸುಬು ಹಲ್ಲು ಕಟ್ಟುವುದು. ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವನು ಮನೆಯ ಮುಂದಿನ ಕೋಣೆಯಲ್ಲಿ ಕೂತು ಅದಕ್ಕೆ ತಕ್ಕ ಹಲ್ಲಿನ ಸೆಟ್ಟು ಮಾಡಿ ಕೊಡುತ್ತಾನೆ. ಮೇಜಿನ ಒಂದು ಕಡೆ ಯಾರದೋ ನಗು ಒಣಗುತ್ತಿದ್ದರೆ, ಇನ್ನೊಂದು ಕಡೆ ಡಬ್ಬಿಯ ಗೋಡೆ ಒಣಗುತ್ತಿರುತ್ತದೆ. ಅಂಗಡಿಯಲ್ಲಿ ಸಿಗುವ ಸಿದ್ಧ ಭಾಗಗಳನ್ನು ತಂದು ಅಂಟಿಸುವುದು ಅವನ ಮಟ್ಟಿಗೆ ಶುದ್ಧ ಮೋಸ. ಗಾಲಿಗಳನ್ನು ಬಿಟ್ಟು ಉಳಿದದ್ದೆಲ್ಲ ಕೈಯಿಂದಲೇ ಆಗಬೇಕು. ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಮೊನಚು ಕಡ್ಡಿಯಿಂದ ಗೀರೆಳೆದರೆ ಮರದ ಹಲಗೆಗಳ ಸಾಲಾಯಿತು. ಹಲ್ಲಿನ ಕೊಕ್ಕೆಗೆ ಬಳಸುವ ಉಕ್ಕಿನ ತಂತಿ ಬಗ್ಗಿಸಿದರೆ ಬಾಗಿಲ ಹಿಡಿಕೆಯಾಯಿತು. ಒಳಗೆ ಬೆಂಚು, ಕೈಬ್ರೇಕಿನ ಚಕ್ರ, ದೀಪ ತೂಗುಹಾಕುವ ಮೊಳೆ, ಒಂದು ಕಬ್ಬಿಣದ ಒಲೆ. ಒಲೆಯನ್ನು ವಸಡು ಮಾಡುವ ಗುಲಾಬಿ ಬಣ್ಣದ ಮೇಣದಲ್ಲಿ ಕೆತ್ತಿ, ಮೇಲೆ ಕಪ್ಪು ಬಳಿಯುತ್ತಿದ್ದ.

"ಮೇಲೆ ಛಾವಣಿ ಮುಚ್ಚಿದ್ಮೇಲೆ ಇದನ್ನೆಲ್ಲ ಯಾರು ನೋಡ್ತಾರೆ ರೀ?" ಎಂದು ಹೆಂಡತಿ ಕೇಳುತ್ತಿದ್ದಳು.

"ನಿಮ್ಮಪ್ಪ ಒಳಗೆ ಕೂತಿದ್ದಾಗ ಯಾರು ನೋಡ್ತಿದ್ರು?" ಎಂದು ಅವನು ಅವಳ ಬಾಯಿ ಮುಚ್ಚಿಸುತ್ತಿದ್ದ.

ಅವಳಪ್ಪ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ಊರಿನಿಂದ ಕಲ್ಲಿನ ಗಣಿಯವರೆಗೆ ಹೋಗಿ ಬರುತ್ತಿದ್ದ ಗಾಡಿಯ ಹಿಂದೆ ಆಯಸ್ಸು ಸವೆಸಿದವರು. ಈಗ ಆ ಗಾಡಿಯೂ ಇಲ್ಲ, ಹಳಿಯೂ ಇಲ್ಲ. ಮಾವ ಮಗಳ ಮನೆಯಲ್ಲಿದ್ದಾರೆ, ಎಲ್ಲರ ತಪ್ಪನ್ನೂ ತಿದ್ದುತ್ತಾ ಇದ್ದಾರೆ. ಬೆಳಿಗ್ಗೆ ಎದ್ದು ಒಬ್ಬರೇ ಕ್ಷೌರದ ಅಂಗಡಿಗೆ ನಡೆದು ಹೋಗಿ, ಅಲ್ಲಿದ್ದ ಪೇಪರನ್ನು ಅಕ್ಷರ ಬಿಡದೆ ಓದಿ, ಅದರಲ್ಲಿರುವುದೆಲ್ಲ ಸುಳ್ಳು ಎಂದು ಅರ್ಧ ಗಡ್ಡ ಬೋಳಿಸಿಕೊಂಡು ಓಡಲಾರದೆ ಕೂತವರ ಮುಂದೆ ಸಾಧಿಸಿ, ಗೆದ್ದ ಮುಖ ಹೊತ್ತು ಮನೆಗೆ ಬರುವುದು ಅವರ ದಿನಚರಿ. ಅದೊಂದು ತಪ್ಪಿದರೆ ಅವತ್ತಿಡೀ ಮನೆಯವರ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ.

ಸಂಘದವರು ಈ ಸಲ ಕಟ್ಟುತ್ತಿದ್ದುದು ಆ ಗಣಿಯ ಹಾದಿಯನ್ನೇ. ಪೀಠೋಪಕರಣದ ಅಂಗಡಿಯ ಮಹಡಿಯ ಮೇಲೆ, ಉದ್ದನೆಯ ಹಲಗೆಗಳ ಮೇಲೆ, ಊರಿನ ಸ್ಟೇಷನ್ನು, ಸೇತುವೆ, ಗಣಿ ಎಲ್ಲವೂ ಉಗಿಬಂಡಿಯ ಕಾಲದಲ್ಲಿ ಇದ್ದ ಹಾಗೇ ಇರಬೇಕು. ಸಂಘದ ಅಧ್ಯಕ್ಷರು ಕನ್ನಡಕದ ಅಂಗಡಿಯವರು. ಭೂತಗನ್ನಡಿ ಹಿಡಿದು ತಪ್ಪು ಹುಡುಕುವುದೆಂದರೆ ಅವರಿಗೆ ಹಾಲು ಕುಡಿದಷ್ಟು ಸಂತೋಷ. ಯಾರೋ ಪಾಪ, ಸ್ಟೇಷನ್ನಿನ ಬಾವಿಯ ಪಕ್ಕ ಕಾಳಿನಷ್ಟು ದೊಡ್ಡ ನೀಲಿ ಬಕೀಟು ಇಟ್ಟಿದ್ದಕ್ಕೆ, "ಆ ಕಾಲದಲ್ಲಿ ಪ್ಲಾಸ್ಟಿಕ್ ಬಕೀಟು ಎಲ್ಲಿತ್ತು ಸ್ವಾಮಿ?" ಎಂದು ತುಂಬಿದ ಸಭೆಯಲ್ಲಿ ಅವನ ಮಾನ ಕಳೆದಿದ್ದರು. ಅಂಥವರು ತಾವಾಗಿಯೇ ರೈಲ್ವೆಯ ಹಳೆಯ ನಕ್ಷೆಯೊಂದನ್ನು ಸಂಪಾದಿಸಿ ಅಳಿಯನ ಕೈಗೆ ಕೊಟ್ಟರು. "ಇದು ಗಣಿ ಗಾಡಿಯ ಡಬ್ಬಿ. ಕೂದಲೆಳೆಯಷ್ಟೂ ಆಚೀಚೆ ಆಗಬಾರದು."

ಮಾವ ಕೂತಿದ್ದ ಡಬ್ಬಿಯೇ ಅದು! ಅಳಿಯನಿಗೆ ನೆಲ ಕಾಣದಷ್ಟು ಖುಷಿ. ಕಟ್ಟಬೇಕಾದ ಹಲ್ಲುಗಳನ್ನೆಲ್ಲ ಮೂಲೆಗೆ ತಳ್ಳಿ ಡಬ್ಬಿ ಕಟ್ಟಿದ. ಊರಿನವರು ಕೆಲಕಾಲ ಗಂಜಿಯಲ್ಲೇ ದಿನ ತಳ್ಳಿದರು. ಛಾವಣಿಯೊಂದು ಬಾಕಿ ಇದ್ದಾಗ, ಒಂದು ಭಾನುವಾರ ಊಟದ ಮೇಜಿನ ಮೇಲೆ ಮಾವನ ಎದುರಿಗೆ ತಂದಿಟ್ಟ. ಹೆಂಡತಿ ಇದ್ದಳು, ಅವತ್ತು ಊಟಕ್ಕೆ ಬಂದಿದ್ದ ಅವಳ ಅಣ್ಣನೂ ಇದ್ದ.

ಮಾವ ಕನ್ನಡಕ ಏರಿಸಿ, ಬಗ್ಗಿ, ಡಬ್ಬಿಯೊಳಗೆ ಇಣುಕಿದರು.

"ಒಲೆ ತಪ್ಪು ಕಡೆ ಇಟ್ಟಿದೀರಿ, ಅಳಿಯಂದ್ರೇ."

"ಎಡಗಡೆ ಅಲ್ವಾ ಮಾವ? ಎಂಜಿನ್ ಕಡೆ ಮುಖ ಮಾಡಿ ಕೂತ್ರೆ ಎಡಕ್ಕೆ."

"ಎಂಜಿನ್ ಕಡೆ ಮುಖ ಮಾಡಿ ಕೂತ್ರೆ ಬಲಕ್ಕೆ. ನನ್ನ ಬಲಗೈ ಸುಡ್ತಿತ್ತು ರೀ. ಎಡಗಡೆ ನನ್ನ ಚೀಲ ಇಡ್ತಿದ್ದೆ."

"ಯಾವುದರ ಮೇಲೆ?"

"ಕಬ್ಬಿಣದ್ದೇನೋ ಇತ್ತಪ್ಪ, ಕಟ್ಟೆ ಥರ. ಅದರ ಮೇಲೆ."

ಇಲ್ಲಿ ಅಳಿಯ ಸುಮ್ಮನಿದ್ದಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಮಾವನನ್ನು ಮಾತಿನಲ್ಲಿ ಸೋಲಿಸುವ ಅವಕಾಶ ಅಳಿಯನಾದವನಿಗೆ ಜೀವನದಲ್ಲಿ ಎಷ್ಟು ಸಲ ಸಿಗುತ್ತದೆ? ಓಡಿಹೋಗಿ ನಕ್ಷೆ ತಂದು ಮೇಜಿನ ತುಂಬ ಹರಡಿದ. ಎಂಜಿನ್ನು ಈ ಕಡೆ, ಒಲೆ ಈ ಕಡೆ, ಎಡಕ್ಕೆ. ಚೀಲದ ಕಟ್ಟೆಯ ಸುಳಿವೇ ಇಲ್ಲ. ವಕೀಲನ ಹಾಗೆ ಬೆರಳಿಟ್ಟು ತೋರಿಸಿದ.

ಮಾವ ನಕ್ಷೆಯನ್ನು ನೋಡಿದರು, ನೋಡಿದರು, ಕನ್ನಡಕ ತೆಗೆದು ಮಡಚಿದರು.

"ನೀವು ಹೇಳಿದ್ದೇ ಸರಿ ಇರಬಹುದು," ಎಂದರು.

ಮಾವನ ಬಾಯಿಂದ ಆ ಮಾತು ಅಳಿಯನ ಮದುವೆಯಾದಾಗಿನಿಂದ ಬಂದಿರಲಿಲ್ಲ. ಹೆಂಡತಿ ಅಣ್ಣನ ಮುಖ ನೋಡಿದಳು, ಅಣ್ಣ ತಂಗಿಯ ಮುಖ ನೋಡಿದ. ಅವರ ಮನಸ್ಸಿನಲ್ಲಿ ಮೊದಲೇ ಒಂದು ಅಳುಕಿತ್ತು. ಅಪ್ಪ ಮೊನ್ನೆ ಹಾಲಿನ ಪಾತ್ರೆಯನ್ನು ಪುಸ್ತಕದ ಬೀರುವಿನಲ್ಲಿ ಇಟ್ಟಿದ್ದರು. ಅದಕ್ಕೂ ಮುಂಚೆ ಮಗಳನ್ನು ತೀರಿಹೋದ ಹೆಂಡತಿಯ ಹೆಸರು ಹಿಡಿದು ಕರೆದಿದ್ದರು. ಈಗ ಒಲೆ.

ಅಡುಗೆಮನೆಯಲ್ಲಿ ಅಣ್ಣ ದನಿ ತಗ್ಗಿಸಿ ತಂಗಿಗೆ ತೀರ್ಪು ಕೊಟ್ಟ. "ಅಷ್ಟು ವರ್ಷ ಕೂತ ಜಾಗವೇ ನೆನಪಿಲ್ಲ ಅಂದ್ರೆ, ನಾಳೆ ಮನೆ ದಾರಿ ನೆನಪಿರುತ್ತಾ? ಇನ್ಮೇಲೆ ಅಪ್ಪನ್ನ ಒಬ್ಬರೇ ಹೊರಗೆ ಬಿಡಬೇಡ."

ಮರುದಿನ ಬಾಗಿಲಿಗೆ, ಮಾವನ ಕೈಗೆ ಎಟುಕದಷ್ಟು ಎತ್ತರದಲ್ಲಿ, ಹೊಸದೊಂದು ಚಿಲಕ ಬಂತು. ಅಳಿಯನೇ ಹೊಡೆದ. ಮೊಳೆ ಹೊಡೆಯುವಾಗ ತನ್ನ ಹೆಬ್ಬೆರಳಿಗೇ ಹೊಡೆದುಕೊಂಡ, ಹಾಗೇ ಆಗಬೇಕು ತನಗೆ ಅಂದುಕೊಂಡ.

ಮಾವ ಜಗಳ ಆಡಿದ್ದರೆ ವಾಸಿಯಿತ್ತು. ಅವರು ತೆಪ್ಪಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು. ಪೇಪರ್ ತಂದುಕೊಟ್ಟರೆ ಓದಿ ಮಡಚಿ ಇಟ್ಟರು, ಒಂದು ಸುಳ್ಳನ್ನೂ ಹಿಡಿಯಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೂ ಸುಮ್ಮನೆ ಉಂಡರು. ಕ್ಷೌರದವನು ದಾರಿಯಲ್ಲಿ ಅಳಿಯನನ್ನು ತಡೆದು, "ಯಜಮಾನರು ಬರದೆ ಅಂಗಡಿ ಭಣಗುಟ್ತಿದೆ, ಗಿರಾಕಿಗಳು ಪೇಪರ್ನಲ್ಲಿ ಇರೋದನ್ನೆಲ್ಲ ನಂಬೋಕೆ ಶುರುಮಾಡಿದಾರೆ," ಎಂದು ಅಲವತ್ತುಕೊಂಡ.

ಅಳಿಯನಿಗೆ ತಡೆಯಲಾಗಲಿಲ್ಲ. ಒಲೆಯನ್ನು ಬಲಕ್ಕೇ ಇಟ್ಟುಬಿಡೋಣ, ಮಾವ ಗೆಲ್ಲಲಿ, ಎಂದು ನಿರ್ಧರಿಸಿದ. ಹಲ್ಲು ಕಟ್ಟುವವನೇ ಹೊರತು ಅವನು ಹಲ್ಲು ಕಿತ್ತವನಲ್ಲ. ಅಂಟಿದ್ದ ಒಲೆಯನ್ನು ಇಕ್ಕಳದಿಂದ ಅಲುಗಿಸಿ ಅಲುಗಿಸಿ ಎಳೆದಾಗ ಬೆಂಚೂ ಜೊತೆಗೇ ಕಿತ್ತು ಬಂತು, ನೋವಾದದ್ದು ಅವನಿಗೇ. ಬಲಕ್ಕೆ ಅಂಟಿಸಿ, ಎಡಕ್ಕೊಂದು ಚೀಲದ ಕಟ್ಟೆ ಮಾಡಿ, ಮೇಲೊಂದು ಪುಟಾಣಿ ಚೀಲವನ್ನೂ ಇಟ್ಟು ಮಾವನಿಗೆ ತೋರಿಸಿದ. ಅವರು ಸರಿಯಾಗಿ ನೋಡಲೂ ಇಲ್ಲ. "ನನ್ನ ಮಾತು ಕಟ್ಟಿಕೊಂಡು ಕೆಲಸ ಕೆಡಿಸ್ಕೋಬೇಡಿ. ನಕ್ಷೆ ಪ್ರಕಾರವೇ ಮಾಡಿ." ಅಧ್ಯಕ್ಷರಂತೂ ಭೂತಗನ್ನಡಿಯ ಹಿಂದಿನಿಂದ ಆನೆಯಷ್ಟಾದ ಕಣ್ಣು ಬಿಟ್ಟು, "ಏನ್ರೀ ಇದು ಕಟ್ಟೆ? ದೇವರ ಗೂಡಾ?" ಎಂದು ಗದರಿದರು. ಬಡಪಾಯಿ ಒಲೆ ಮತ್ತೆ ಎಡಕ್ಕೆ ಬಂತು, ಕಟ್ಟೆ ಕಸದ ಬುಟ್ಟಿಗೆ ಹೋಯಿತು.

ಪ್ರದರ್ಶನಕ್ಕೆ ಮುಂಚೆ ಗಾಡಿ ಓಡಿಸಿ ನೋಡುವ ದಿನ ಬಂತು. ಹೆಂಡತಿಗೆ ನೋಡುವ ಆಸೆ. ಅಪ್ಪನನ್ನು ಒಬ್ಬರೇ ಮನೆಯಲ್ಲಿ ಬಿಡುವಂತಿಲ್ಲ ಎಂಬ ಕಟ್ಟಳೆ ಬೇರೆ. ಹೀಗಾಗಿ ಮಾವನೂ ಮಹಡಿ ಮೆಟ್ಟಿಲು ಹತ್ತಿ ಬಂದರು. ಯಾರೋ ಸ್ಟೂಲು ಕೊಟ್ಟರು. ಕೂತಾಗ ಹಳಿ ಸರಿಯಾಗಿ ಅವರ ಕಣ್ಣಿನ ಮಟ್ಟಕ್ಕೆ ಬಂತು. ಡಬ್ಬಿಗೆ ಇನ್ನೂ ಛಾವಣಿ ಹಾಕಿರಲಿಲ್ಲ, ಒಲೆ ಎರಡು ಸಲ ಕಿತ್ತು ಅಂಟಿಸಿದ್ದರಿಂದ ಇನ್ನೂ ಗಟ್ಟಿಯಾಗಿ ಕೂತಿರಲಿಲ್ಲ.

ಗಾಡಿ ಹೊರಟಿತು. ಸ್ಟೇಷನ್ನು ದಾಟಿ, ಸೇತುವೆ ದಾಟಿ, ಖಾಲಿ ವ್ಯಾಗನ್ನುಗಳ ಹಿಂದೆ ಗಾರ್ಡ್ ಡಬ್ಬಿ ಕುಲುಕುತ್ತಾ ಗಣಿ ತಲುಪಿತು. ಒಲೆ ಎಡಕ್ಕೆ. ಈಗ ಗಾಡಿ ವಾಪಸು ಬರಬೇಕು. ಎಂಜಿನ್ನು ಪಕ್ಕದ ಹಳಿಯಲ್ಲಿ ಸುತ್ತಿ ಬಂದು ಇನ್ನೊಂದು ತುದಿಗೆ ಸೇರಿಕೊಂಡಿತು. ಇನ್ನು ಗಾರ್ಡ್ ಡಬ್ಬಿ ಅಲ್ಲಿಂದ ಇಲ್ಲಿಗೆ, ಗಾಡಿಯ ಹೊಸ ಬಾಲಕ್ಕೆ ಬರಬೇಕು. ಸಂಘದಲ್ಲಿ ಎಲ್ಲರೂ ಯಾವಾಗಲೂ ಮಾಡುವ ಹಾಗೆಯೇ ಅಳಿಯ ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿದ, ಮೂತಿ ಎಂಜಿನ್ನಿನ ಕಡೆಗೇ ಇರಲೆಂದು ಗಾಳಿಯಲ್ಲೇ ಗಿರಕ್ಕನೆ ತಿರುಗಿಸಿದ, ಇನ್ನೇನು ಹಳಿಯ ಮೇಲೆ ಇಡಬೇಕು,

"ಏಯ್! ಏನ್ರೀ ಅದು?"

ಪೀಠೋಪಕರಣದ ಅಂಗಡಿಯವರೆಗೂ ಕೇಳಿಸುವಂಥ ದನಿ. ಮಾವ ಸ್ಟೂಲಿನಿಂದ ಎದ್ದು ನಿಂತಿದ್ದರು.

"ಡಬ್ಬಿ ಯಾಕೆ ತಿರುಗಿಸಿದ್ರಿ? ಗಣಿಯಲ್ಲಿ ಡಬ್ಬಿ ತಿರುಗಿಸೋಕೆ ಯಾರಿದ್ರು? ಆಕಾಶದಿಂದ ಕೈ ಬರ್ತಿತ್ತಾ? ಹೇಗಿತ್ತೋ ಹಾಗೇ ತಳ್ಕೊಂಡು ಬಂದು ಸೇರಿಸ್ತಿದ್ವಿ!"

ಬಕೀಟಿನ ತಪ್ಪು ಹಿಡಿದಿದ್ದ ಅಧ್ಯಕ್ಷರು, ದೀಪದ ಕಂಬದ ಎತ್ತರಕ್ಕಾಗಿ ಸಂಘ ಬಿಟ್ಟು ಹೋಗುತ್ತೇನೆಂದು ಹೆದರಿಸಿದ್ದ ಖಜಾಂಚಿ, ಎಲ್ಲರೂ ಇಷ್ಟು ಕಾಲ ದೇವರ ಹಾಗೆ ಮೇಲಿನಿಂದ ಕೈ ಹಾಕಿ ಡಬ್ಬಿಗಳನ್ನು ತಿರುಗಿಸಿಕೊಂಡೇ ಬಂದಿದ್ದರು. ಅಧ್ಯಕ್ಷರು ಭೂತಗನ್ನಡಿಯನ್ನು ಮೆಲ್ಲಗೆ ಜೇಬಿಗೆ ಇಳಿಬಿಟ್ಟರು.

ಮಾವ ಅಳಿಯನ ಕೈಯಿಂದ ಡಬ್ಬಿ ಕಿತ್ತುಕೊಂಡು, ಮೊದಲಿದ್ದ ಹಾಗೇ ಹಳಿಯ ಮೇಲಿಟ್ಟು, ಬೆರಳಿನಿಂದ ತಳ್ಳಿಕೊಂಡು ಹೋಗಿ ಗಾಡಿಗೆ ಸೇರಿಸಿದರು. "ಹೊರಡಲಿ," ಎಂದರು. ಗಾಡಿ ಹೊರಟಿತು. ಈಗ ಎಂಜಿನ್ನು ಆ ಕಡೆ, ಡಬ್ಬಿ ಈ ಕಡೆ. ಎಂಜಿನ್ನಿನ ಕಡೆ ಮುಖ ಮಾಡಿ ಕೂತವನಿಗೆ ಒಲೆ ಸರಿಯಾಗಿ ಬಲಕ್ಕೆ.

"ಬಲಕ್ಕೆ!" ಎಂದು ಅಳಿಯ ಕೂಗಿಯೇಬಿಟ್ಟ. "ಮಾವ, ಬಲಕ್ಕೆ!"

"ನಾನು ಇನ್ನೇನು ಹೇಳಿದ್ದು ಮತ್ತೆ?"

"ಹಾಗಾದ್ರೆ ಎಡಗಡೆ ಇದ್ದ ಚೀಲದ ಕಟ್ಟೆ?"

ಮಾವ ಡಬ್ಬಿಯನ್ನೇ ದಿಟ್ಟಿಸಿದರು. ಆಮೇಲೆ ಹಣೆ ಚಚ್ಚಿಕೊಂಡು, ಹೊಟ್ಟೆ ಕುಣಿಯುವ ಹಾಗೆ ನಗತೊಡಗಿದರು. "ಅಯ್ಯೋ, ಅದು ಒಲೆನೇ ಕಣ್ರೀ! ಹೋಗುವಾಗ ಸುಡುಬಿಸಿಲು, ಒಲೆ ಯಾವನು ಹಚ್ತಾನೆ? ಅದರ ಮೇಲೆ ಚೀಲ ಇಡ್ತಿದ್ದೆ. ಬರುವಾಗ ಚಳಿ, ಆಗ ಹಚ್ಚೋದು."

ಹೆಂಡತಿ ಇಷ್ಟು ಹೊತ್ತೂ ಗೋಡೆಗೊರಗಿ ನಿಂತಿದ್ದಳು. ಈಗ ಹತ್ತಿರ ಬಂದು, ಅಪ್ಪನ ಪಕ್ಕದಲ್ಲಿ ಬಗ್ಗಿ, ಡಬ್ಬಿಯ ಕಿಟಕಿಯೊಳಗೆ ನೋಡಿದಳು. ಬರುವ ದಾರಿಯಲ್ಲಿ, ಸೇತುವೆ ದಾಟಿದ ಮೇಲೆ, ಬಲಕ್ಕೆ ರೈಲ್ವೆಯವರ ಮನೆಗಳ ಸಾಲು. ಅದರಲ್ಲೊಂದು ಆಗ ಅವರದಾಗಿತ್ತು.

"ನಾನು ಹಿತ್ತಲ ಗೋಡೆ ಹತ್ತಿ ನಿಂತಿರ್ತಿದ್ದೆ," ಎಂದಳು. "ನೀನು ಕಿಟಕಿಯಲ್ಲಿ ದೀಪ ಆಡಿಸ್ತಿದ್ದೆ. ಕತ್ತಲೆ. ಕೆಳಗಿನಿಂದ ಒಲೆ ಬೆಳಕು ಬಿದ್ದು ನಿನ್ನ ಗಲ್ಲ ಮಾತ್ರ ಕೆಂಪಗೆ ಕಾಣ್ತಿತ್ತು. ಒಲೆ ನಮ್ಮ ಮನೆ ಕಡೆಗೇ ಇತ್ತು. ನಾನೇ ಕಣ್ಣಾರೆ ನೋಡಿದೀನಿ ಅಪ್ಪ. ನಾನೇ ಮರೆತುಬಿಟ್ಟಿದ್ದೆ."

ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿತು. ಮಾವನಿಗೆ ಮುಜುಗರ. ಅದನ್ನು ಮುಚ್ಚಿಕೊಳ್ಳಲು ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ.

"ಎಲ್ಲ ಸರಿ, ಅಳಿಯಂದ್ರೇ. ಬಣ್ಣ ಮಾತ್ರ ತಪ್ಪು."

ಮರುದಿನ ಬೆಳಿಗ್ಗೆ ಮಗಳು ತಾನೇ ಎದ್ದು ಕುರ್ಚಿ ಹಾಕಿ ಹತ್ತಿ ಮೇಲಿನ ಚಿಲಕ ತೆಗೆದಳು. ಮಾವ ಏನೂ ನೋಡದವರ ಹಾಗೆ ಹೊರಟರು. ಕ್ಷೌರದ ಅಂಗಡಿಯಿಂದ ಬರುವ ಹೊತ್ತಾಯಿತು, ಬರಲಿಲ್ಲ. ಇನ್ನೂ ಹೊತ್ತಾಯಿತು. ಅಣ್ಣ ಫೋನು ಮಾಡಿ, "ಅಪ್ಪ ಎಲ್ಲಿ?" ಎಂದು ಕೇಳಿದ. "ಹೊರಗೆ ಹೋಗಿದಾರೆ, ಬರ್ತಾರೆ," ಎಂದು ಹೇಳಿ ಇಟ್ಟಳು. ಹೇಳಿದ್ದೇನೋ ಹೇಳಿದಳು, ಆದರೆ ಕಿಟಕಿ ಬಿಟ್ಟು ಅಲುಗಲಿಲ್ಲ. ಅಳಿಯ ಎರಡು ಸಲ ಚಪ್ಪಲಿ ಮೆಟ್ಟಿದ, ಎರಡು ಸಲವೂ ಅವಳೇ ಬಿಚ್ಚಿಸಿದಳು. "ಹುಡುಕ್ಕೊಂಡು ಹೋದ್ರೆ ಅವರಿಗೆ ಗೊತ್ತಾಗುತ್ತೆ. ಸುಮ್ನಿರಿ."

ಕೊನೆಗೆ ರಸ್ತೆಯ ತಿರುವಿನಲ್ಲಿ ಮಾವ ಕಾಣಿಸಿದರು. ಒಂದು ಕಡೆಗೆ ವಾಲಿಕೊಂಡು, ಏದುಸಿರು ಬಿಡುತ್ತಾ, ದೊಡ್ಡದೊಂದು ಬಣ್ಣದ ಟಿನ್ನು ಹೊತ್ತು ಬರುತ್ತಿದ್ದರು. ನಿಜವಾದ ಗಾರ್ಡ್ ಡಬ್ಬಿಗೆ ಬಳಿದರೂ ಮಿಗುವಷ್ಟು ಬಣ್ಣ.

"ಚಿಕ್ಕದರಲ್ಲಿ ಈ ಬಣ್ಣ ಇರಲಿಲ್ಲ," ಎಂದು ಟಿನ್ನನ್ನು ಬಾಗಿಲಲ್ಲಿ ಕುಕ್ಕಿದರು. "ಊರೆಲ್ಲ ಸುತ್ತಿದೆ. ಇದೇ ನೋಡಿ ಸರಿಯಾದ ಕಂದು. ಇದನ್ನ ನಾನು ಮರೆಯೋದುಂಟಾ?"

"ಇಲ್ಲಪ್ಪ," ಎಂದು ಮಗಳು ಟಿನ್ನನ್ನು ಎತ್ತಿಕೊಂಡಳು. "ಬಾ, ಕೂತ್ಕೋ. ನಾಳೆ ಹೋದಾಗ ಬ್ರಷ್ ತಗೊಂಡು ಬಾ."