ಅಜ್ಜಿ ಹೂಂ ಅಂದ ಮೇಲೇ ಇಂಜೆಕ್ಷನ್

ಹಳೇಬೀಡಿನಲ್ಲಿ ನನಗೆ ನಾಯಿ ಕಚ್ಚಿತು. ಅದರಿಂದ ಇಂಥದೊಂದು ಬೆಳಗು ಸಿಗುತ್ತದೆಂದು ಗೊತ್ತಿದ್ದರೆ ನಾಯಿಯನ್ನು ಅಷ್ಟು ಬೈಯುತ್ತಿರಲಿಲ್ಲ!

ಮೂರನೇ ಇಂಜೆಕ್ಷನ್ನಿಗೆಂದು ಡಾಕ್ಟರಮ್ಮನ ಸಣ್ಣ ಕ್ಲಿನಿಕ್ಕಿನಲ್ಲಿ ಕೂತಿದ್ದೆ. ನನ್ನ ಮುಂದೆ ಹಕ್ಕಿಪಿಕ್ಕಿ ಸಮುದಾಯದ ಒಬ್ಬ ಅಜ್ಜಿ, ಅವರ ಸೊಸೆ. ಸೊಸೆಯ ತೊಡೆಯ ಮೇಲೆ ಹನ್ನೊಂದು ತಿಂಗಳ ಕೂಸು. ಕೇಶತೈಲ ಮಾರಲು ದಾವಣಗೆರೆ ಕಡೆ ಹೊರಟವರು. ಮಧ್ಯಾಹ್ನ ಅರಸೀಕೆರೆಯಲ್ಲಿ ರೈಲು.

"ನಾವು ಹೋಗೋ ಕಡೆ ಮಕ್ಳಿಗೆ ದಡಾರ ಬಂದೈತಂತೆ ಸಾರ್. ಇವತ್ತೇ ಹಾಕ್ಸ್ಬೇಕು," ಎಂದಳು ಸೊಸೆ, ಕೌಂಟರಿನಲ್ಲಿ ಲಸಿಕೆ ಕಾರ್ಡು ಕೊಡುತ್ತ.

ಕೌಂಟರಿನವನು ಕಾರ್ಡು ತಿರುವಿದ. "ಒಂಬತ್ತು ತಿಂಗ್ಳಿಗೆ ಹಾಕ್ಸ್ಬೇಕಿತ್ತು. ಈಗ ಬಂದವ್ಳೆ! ಊರೂರು ತಿರುಗೋದು ಬಿಟ್ರೆ ನಿಮ್ಮೋರಿಗೆ ಇನ್ನೇನ್ ಗೊತ್ತೈತೆ?"

ಕೆಲವರು ನಕ್ಕರು. ನಾನು ನಗಲಿಲ್ಲ, ಸುಮ್ಮನಿದ್ದೆ. (ನಕ್ಕವರಿಗೂ ನನಗೂ ಬಹಳ ವ್ಯತ್ಯಾಸವಿದೆಯೇ?)

ಅಜ್ಜಿ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ. ಸೊಸೆ ಚೀಲ ಎತ್ತಿಕೊಂಡಾಗ ಅರ್ಥವಾಯಿತು. ಲಸಿಕೆ ಇಲ್ಲದೆಯೇ ಕೂಸು ದಡಾರದ ಊರಿಗೆ ಹೊರಟಿತ್ತು.

ಅಷ್ಟರಲ್ಲಿ ಒಳಗಿನಿಂದ ಡಾಕ್ಟರಮ್ಮ ಎದ್ದು ಬಂದರು. ಬಂದವರು ಅಜ್ಜಿಯ ಪಕ್ಕ ಬೆಂಚಿನ ಮೇಲೇ ಕೂತರು.

"ಅವನು ಆಡಿದ್ದು ತಪ್ಪು ಕಣಜ್ಜಿ, ಕ್ಷಮಿಸಿ. ಹೋದ ಸಲ ಚುಚ್ಚಿಸಿದಾಗ ಏನಾಯ್ತು?"

"ಎರಡು ದಿನ ಜ್ವರ. ಬತ್ತದೆ ಅಂತ ಒಬ್ರೂ ಹೇಳ್ಲಿಲ್ಲ. ಇವಳ್ನ ನಾನೇ ಬೈದೆ."

ಜ್ವರ ಏಕೆ ಬರುತ್ತದೆ, ಬಂದರೆ ಏನು ಮಾಡಬೇಕು, ಎಲ್ಲ ಡಾಕ್ಟರಮ್ಮ ಹೇಳಿದರು. ಅವಸರವಿಲ್ಲ. ಗಡಿಯಾರ ನೋಡುತ್ತ ಚಡಪಡಿಸಿದ್ದು ನಾನು!

"ಈಗ ಹಾಕ್ಲಾ? ನೀವು ಹೂಂ ಅಂದ್ರೆ ಮಾತ್ರ."

ಅಜ್ಜಿ ದಿಟ್ಟಿಸಿದರು. "ನಿನ್ ಮಕ್ಳಿಗೂ ಹಾಕ್ಸಿದ್ಯಾ?"

"ಎರಡಕ್ಕೂ ಹಾಕ್ಸಿದೀನಿ."

"ಹೂಂ, ಹಾಕವ್ವ. ಕೂಸನ್ನ ನಾನೇ ಹಿಡ್ಕತೀನಿ. ಆ ಬಾಯ್ಬಡುಕ ಹತ್ರ ಬರ್ಬಾರ್ದು!"

ಕ್ಲಿನಿಕ್ಕಿಗೆ ಕ್ಲಿನಿಕ್ಕೇ ನಕ್ಕಿತು. ಈ ಸಲ ನಾನೂ ನಕ್ಕೆ. ಕೂಸು ಸೂರು ಹಾರುವಂತೆ ಅತ್ತಿತು. ಅಷ್ಟು ಖುಷಿ ಕೊಟ್ಟ ಅಳುವನ್ನು ನಾನು ಕೇಳಿಲ್ಲ.

"ಒಂದೂವರೆ ವರ್ಷಕ್ಕೆ ಇನ್ನೊಂದು ಐತೆ. ಆಗ ಯಾವ ಊರಲ್ಲಿರ್ತೀರಾ?" ಡಾಕ್ಟರಮ್ಮ ಕೇಳಿದರು.

"ಹೇಳಕ್ಕಾಗಲ್ಲ ಮೇಡಂ."

"ಎಲ್ಲಿದ್ರೂ ಸರಿ. ಅಲ್ಲಿನ ಸರ್ಕಾರಿ ಆಸ್ಪತ್ರೇಲಿ ಈ ಕಾರ್ಡ್ ತೋರ್ಸಿ. ಯಾರಾದ್ರೂ ಬೈದ್ರೆ ನಂಗೆ ಫೋನ್ ಮಾಡಿ," ಎಂದು ಕಾರ್ಡಿನ ಮೇಲೆ ನಂಬರ್ ಬರೆದರು.

ಅರ್ಧ ಗಂಟೆ ಕೂರಿಸಿಕೊಂಡು, ಕೂಸನ್ನು ಮತ್ತೊಮ್ಮೆ ನೋಡಿ ಕಳಿಸಿದರು. ಅರಸೀಕೆರೆಯ ಬಸ್ಸು ಸಿಕ್ಕಿತು. ಕಿಟಕಿಯಲ್ಲಿ ಕೂಸು ಆಗಲೇ ನಗುತ್ತಿತ್ತು.

ಇಷ್ಟೇ. ಹೊಸ ಯಂತ್ರವಿಲ್ಲ, ಯೋಜನೆಯಿಲ್ಲ. ಒಂದು ಬೆಂಚು, ಒಂದು ಕ್ಷಮೆ, ನಾಲ್ಕು ಪ್ರಶ್ನೆ.

ಹಾಗಾದರೆ, 'ಅಲೆಮಾರಿಗಳು ಲಸಿಕೆಗೆ ಬರುವುದಿಲ್ಲ' ಎಂದು ಇಷ್ಟು ವರ್ಷ ನಾವು ಪತ್ರಕರ್ತರು ಬರೆದ ಸುದ್ದಿಗಳಿಗೆ ತಿದ್ದುಪಡಿ ಪ್ರಕಟಿಸುವುದು ಯಾವಾಗ?